ಕೀಲಿಗೆ ಕಟ್ಟಿದ ಕೊರಡು

ಓಡುತ್ತಿದ್ದ ಕಾರಿನ ಕೀಲಿ ತಾನಾಗಿ ಕಳಚಿ ಬಿತ್ತು. ಹೊಸ ಲಾಕಿನ ದುಡ್ಡನ್ನು ಕಾರು ಓಡಿಸುತ್ತಿದ್ದವಳ ಸಂಬಳದಲ್ಲಿ ಹಿಡಿಯುವುದೆಂದು ಮಾಲೀಕ ತೀರ್ಮಾನಿಸಿದ.

ತೀರ್ಮಾನ ಹೇಳುವಾಗ ಅವನು ದನಿ ಏರಿಸಲಿಲ್ಲ. ಬಾಡಿಗೆ ಕಾರುಗಳ ಆ ಷೆಡ್ಡಿನಲ್ಲಿ ಅವನ ಏರುದನಿಯನ್ನು ಕೇಳಿದವರೇ ಇಲ್ಲ. ಯಜಮಾನರೇ ಅನ್ನಬೇಡಿ, ದೊಡ್ಡಪ್ಪ ಅನ್ನಿ, ನಾವೆಲ್ಲ ಒಂದೇ ಮನೆಯವರು ಎಂದು ಡ್ರೈವರುಗಳಿಗೆ ಅವನೇ ಹೇಳಿಕೊಟ್ಟಿದ್ದ. ಮನೆಯವರ ಸಂಬಳ ಹಿಡಿಯುವಾಗಲೂ ಅಕ್ಕರೆ ಅದೇ. ನೀರಿನ ಲೋಟವನ್ನು ಅವಳ ಕಡೆ ಸರಿಸಿ ಕುಡಿ ಎಂದ. ಅವಳು ಕುಡಿಯುತ್ತಿರುವಾಗ ಉಳಿದದ್ದನ್ನು ಹೇಳಿದ. ಕಂಪನಿಯ ಲಾಕು ಬಿಡಿಯಾಗಿ ಬರುವುದಿಲ್ಲ, ಬಾಗಿಲುಗಳ ಬೀಗವೂ ಸೇರಿ ಒಂದೇ ಸೆಟ್ಟು. ಅರ್ಧ ತಿಂಗಳ ಸಂಬಳ ಹೋಗುತ್ತದೆ. ಆಗದು ಅಂದರೆ ಅವಳು ಓಡಿಸುವ ಹತ್ತೊಂಬತ್ತನೇ ನಂಬರಿನ ಕಾರು ಬೇರೆಯವರ ಕೈಗೆ, ಅವಳು ಮತ್ತೆ ತೊಳೆಯುವ ಕಡೆಗೆ.

"ನಿನ್ನ ಕೈ ಒರಟು ಮಗಳೇ," ಎಂದ. "ಬಕೆಟ್ಟು ಹಿಡಿದು ಬಂದ ಕೈ. ಕೀಲಿ ಅಂದ್ರೆ ನಲ್ಲಿ ಅಲ್ಲ."

ಬಕೆಟ್ಟು ಹಿಡಿದದ್ದು ಸುಳ್ಳಲ್ಲ. ಷೆಡ್ಡಿನ ಹಿಂದಿನ ತೊಟ್ಟಿಯ ಹತ್ತಿರ ಅವಳು ವರ್ಷಗಟ್ಟಲೆ ಕಾರು ತೊಳೆದಿದ್ದಳು. ತೊಳೆದ ಕಾರನ್ನು ಬಿಸಿಲಿಗೆ ಸರಿಸುವ ನೆಪದಲ್ಲಿ ಮೊಳದಷ್ಟು, ಮಾರಿನಷ್ಟು ಓಡಿಸಿ ಓಡಿಸಿಯೇ ಸ್ಟೀರಿಂಗ್ ಕಲಿತವಳು. ಲೈಸೆನ್ಸ್ ತಂದು ಮೇಜಿನ ಮೇಲಿಟ್ಟ ದಿನ ದೊಡ್ಡಪ್ಪ ನಕ್ಕು, ಯಾರೂ ಮುಟ್ಟದ ಈ ಹಳೆಯ ಹತ್ತೊಂಬತ್ತನ್ನು ಅವಳ ಪಾಲಿಗೆ ಬಿಟ್ಟಿದ್ದ. ಅಂದಿನಿಂದ ಷೆಡ್ಡಿನಲ್ಲಿ ಅವಳನ್ನೂ ಹತ್ತೊಂಬತ್ತು ಎಂದೇ ಕರೆಯುತ್ತಿದ್ದರು.

ಕೀಲಿ ಬಿದ್ದದ್ದು ಮೇಲ್ಸೇತುವೆಯ ಇಳಿಜಾರಿನಲ್ಲಿ. ಹಿಂದಿನ ಸೀಟಿನಲ್ಲಿ ಆಸ್ಪತ್ರೆಯಿಂದ ಮನೆಗೆ ಹೊರಟ ಬಾಣಂತಿ, ಮಡಿಲಲ್ಲಿ ಇನ್ನೂ ನೆಟ್ಟಗೆ ಕಣ್ಣು ಬಿಡದ ಕೂಸು. ಚಕ್ರ ಒಂದು ಗುಂಡಿಗೆ ಇಳಿದೆದ್ದಿತು. ಕೀಲಿ ಹಿಂದಕ್ಕೆ ತಿರುಗಿ, ಜಾರಿ, ಅವಳ ಪಾದದ ಮೇಲೆ ಬಿತ್ತು. ಎಂಜಿನ್ ಸತ್ತಿತು, ಸ್ಟೀರಿಂಗ್ ಕಟಕ್ಕೆಂದು ಬಿಗಿದುಕೊಂಡಿತು. ಆಮೇಲೆ ಕೈಯಿಂದ ಮಾಡುವುದೇನೂ ಉಳಿದಿರಲಿಲ್ಲ. ಎರಡೂ ಕಾಲು ಬ್ರೇಕಿನ ಮೇಲಿಟ್ಟು ಎದ್ದು ನಿಂತುಬಿಟ್ಟಳು. ತಡೆಗೋಡೆಗೆ ಒಂದು ಗೇಣು ಉಳಿಸಿ ಕಾರು ನಿಂತಿತು. ಬಾಣಂತಿ ಕೂಸಿನ ತಲೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಇದನ್ನು ಕೇಳಿದ ದೊಡ್ಡಪ್ಪ, ಯಾರಿಗೂ ಏನೂ ಆಗಲಿಲ್ಲವಲ್ಲ, ಅಷ್ಟು ಸಾಕು ಅಂದಿದ್ದ.

ಬಾಯಲ್ಲಿದ್ದ ನೀರನ್ನು ನುಂಗಿ ಅವಳು ಸೋಮವಾರ ಬೆಳಗಿನವರೆಗೆ ಸಮಯ ಕೇಳಿದಳು. ತಾನೇ ಸರಿ ಮಾಡಿಸಿ ತರುವುದಾಗಿ ಹೇಳಿದಳು. ಅವನಿಗೆ ಅದೂ ಒಪ್ಪಿಗೆಯೇ; ಕಾರಿಗೆ ಒಂದು ಗೀಚು ಕೂಡ ಬೀಳಬಾರದು ಅಷ್ಟೆ.

ಷೆಡ್ಡಿನ ಪ್ರತಿಯೊಂದು ಕೀಲಿಗೂ ಅಂಗೈ ಅಗಲದ ಒಂದು ಕಬ್ಬಿಣದ ತಗಡು ಕಟ್ಟಿದ್ದರು. ಲಾರಿಯ ಹಳೆಯ ಪಟ್ಟಿಯನ್ನು ತುಂಡರಿಸಿ, ಕಾರಿನ ನಂಬರು ಕೊರೆಸಿ, ದಪ್ಪ ಬಳೆ ಹಾಕಿ ದೊಡ್ಡಪ್ಪನೇ ಮಾಡಿಸಿದ್ದು. ಹಿಂದೊಮ್ಮೆ ಯಾವನೋ ಡ್ರೈವರ್ ಕೀಲಿಯನ್ನು ಮರೆತು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗಿದ್ದನಂತೆ, ಕಾರು ಒಂದಿಡೀ ದಿನ ನಿಂತಿತ್ತಂತೆ. ಈ ತಗಡನ್ನು ಜೇಬಿಗೆ ಹಾಕಿಕೊಂಡರೆ ಪ್ಯಾಂಟೇ ಇಳಿದುಹೋಗುತ್ತಿತ್ತು. ತುಡುಗು ದನದ ಕೊರಳಿಗೆ ಕೊರಡು ಕಟ್ಟುತ್ತಾರಲ್ಲ, ಹಾಗೆ. ಡ್ರೈವರುಗಳು ಅದನ್ನು ಕೊರಡು ಎಂದೇ ಕರೆಯುತ್ತಿದ್ದರು. ರಸ್ತೆಯಲ್ಲಿ ಪ್ರತಿ ಗುಂಡಿಗೂ ಅದು ಓಲಾಡಿ ಮೊಣಕಾಲಿಗೆ ಬಡಿಯುತ್ತಿತ್ತು. ಯಾರು ಹಳಬರು, ಯಾರು ಹೊಸಬರು ಎಂದು ಆ ಷೆಡ್ಡಿನಲ್ಲಿ ಮೊಣಕಾಲಿನ ಕಪ್ಪು ಕಲೆ ನೋಡಿ ಹೇಳಬಹುದಿತ್ತು.

ಭಾನುವಾರ ಅವಳು ಕಾರನ್ನು ಅಕ್ಕನ ಮನೆಗೆ ಓಡಿಸಿಕೊಂಡು ಹೋದಳು. ದಾರಿಯುದ್ದಕ್ಕೂ ಒಂದು ಕೈ ಕೀಲಿಯ ಮೇಲೆ. ಗೇರು ಬದಲಿಸುವಾಗ ಕೊರಡನ್ನು ಮೊಣಕಾಲಿನಿಂದ ಎತ್ತಿ ಹಿಡಿಯುವುದು. ಅಕ್ಕ ತಳ್ಳುಗಾಡಿಯಲ್ಲಿ ತರಕಾರಿ ಮಾರುವವಳು, ಆಗತಾನೆ ಬಂದು ಉಳಿದ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದಳು. ಭಾವ ಕೀಲಿ ಮಾಡುವವನು. ವಾರವಿಡೀ ಬಸ್ ನಿಲ್ದಾಣದ ಮೆಟ್ಟಿಲ ಪಕ್ಕ ಮರದ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಿದ್ದ.

ಅವನು ಬನಿಯನ್ನಿನಲ್ಲೇ ಹೊರಗೆ ಬಂದು ಕಾರನ್ನು ಒಂದು ಸುತ್ತು ಹಾಕಿದ. "ಏನ್ ನಾದಿನಮ್ಮ, ಬೀಗ ಮುರಿದ ಮೇಲೆ ಭಾವನ ನೆನಪಾಯ್ತಾ?"

"ಮುರೀದೆ ಇದ್ದಿದ್ರೆ ನಿಮ್ಮ ಮುಖ ಯಾರು ನೋಡ್ತಿದ್ರು ಭಾವ."

ಅವನ ಮೊದಲ ಸಲಹೆ ಎಲ್ಲಕ್ಕಿಂತ ಅಗ್ಗದ್ದು. ಎರಡು ವೈರು ಹೊರಗೆಳೆದು ಒಂದು ಬಟನ್ ಕೂರಿಸಿದರಾಯಿತು, ಸ್ಟೀರಿಂಗನ್ನು ಬಿಗಿಯುವ ಹಲ್ಲನ್ನು ಕತ್ತರಿಸಿ ಬಿಸಾಕಿದರಾಯಿತು. ಲಾಕಿನ ಗೊಡವೆಯೇ ಬೇಡ. ಆಮೇಲೆ ಯಾವ ಕಳ್ಳ ಬಂದರೂ ನೆಂಟರ ಹಾಗೆ ಬೆಲ್ ಒತ್ತಿ ಒಳಗೆ ಬರುತ್ತಾನೆ ಎಂದು ಅಕ್ಕ ಸೊಪ್ಪಿನ ಕಡೆಯಿಂದಲೇ ಹೇಳಿದಳು. ತಂಗಿಯೂ ಒಪ್ಪಲಿಲ್ಲ. ಕಾರು ಕದ್ದುಹೋದರೆ ಅದನ್ನೂ ತನ್ನ ತಲೆಗೇ ಕಟ್ಟುತ್ತಾರೆ, ಲಾಕೇ ಸರಿಯಾಗಬೇಕು ಎಂದು ಪಟ್ಟು ಹಿಡಿದಳು. ಈ ಹಟಮಾರಿ ಹೀಗೇ ಅನ್ನುತ್ತಾಳೆಂದು ಭಾವನಿಗೆ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ. ಪೆಟ್ಟಿಗೆಯಿಂದ ಒಂದು ಪೊಟ್ಟಣ ತೆಗೆದ. ಫೋನಿನಲ್ಲಿ ಸುದ್ದಿ ಕೇಳಿದ ಕೂಡಲೇ ಗುಜರಿಯವನ ಗೋದಾಮಿಗೆ ಪುಕ್ಕಟೆ ಕೀಲಿ ಮಾಡಿಕೊಟ್ಟು, ಬದಲಿಗೆ ಇದೇ ಜಾತಿಯ ಸುಟ್ಟ ಕಾರೊಂದರ ಲಾಕನ್ನು ಕಿತ್ತು ತಂದಿಟ್ಟಿದ್ದ. ಅದು ಇಡಿಯಾಗಿ ಕೆಲಸಕ್ಕೆ ಬಾರದು. ಒಳಗಿನ ತಿರುಳು, ಅದರ ಸಾಮಾನು ಮಾತ್ರ ಗಟ್ಟಿಯಿತ್ತು.

ಸ್ಟೀರಿಂಗಿನ ಕೆಳಗಿನ ಮುಚ್ಚಳ ಬಿಚ್ಚಿ, ಕೀಲಿಯನ್ನು ಒಂದು ಹಂತ ತಿರುಗಿಸಿ, ಪಕ್ಕದ ಸಣ್ಣ ತೂತಿನಲ್ಲಿ ಹಳೆಯ ಕೊಡೆಯ ಕಡ್ಡಿ ತೂರಿಸಿ ಒತ್ತಿದ. ಲಾಕಿನ ತಿರುಳು ಹಾಲುಹಲ್ಲಿನ ಹಾಗೆ ಕೈಗೆ ಬಂತು. ಗೋಣಿಚೀಲ ಹಾಸಿ ಮೂವರೂ ಅದರ ಸುತ್ತ ಕೂತರು. ಒಳಗೆ ಸಾಲಾಗಿ ಉಗುರಿನಷ್ಟು ಹಿತ್ತಾಳೆಯ ಎಲೆಗಳು, ಒಂದೊಂದರ ಬೆನ್ನಿಗೂ ಕೂದಲೆಳೆಯಂಥ ಸ್ಪ್ರಿಂಗು. ಕೀಲಿ ಹಾಕಿದಾಗ ಎಲ್ಲ ಎಲೆಗಳೂ ಒಂದೇ ಮಟ್ಟಕ್ಕೆ ಬರಬೇಕು, ಆಗ ಮಾತ್ರ ಲಾಕು ತಿರುಗುವುದು. ತಿರುಗಿದ ಮೇಲೆ ಕೀಲಿಯನ್ನು ಕಚ್ಚಿ ಹಿಡಿಯುವುದೂ ಅವೇ. ಈ ಎಲೆಗಳೋ, ಸವೆದು ಸವೆದು ಅಜ್ಜಿಯ ವಸಡಿನಂತಾಗಿದ್ದವು.

ಸುಟ್ಟ ಕಾರಿನ ಎಲೆಗಳಲ್ಲಿ ಅವಳ ಕೀಲಿಗೆ ಹೊಂದುವಂಥವನ್ನು ಆರಿಸಿ, ಹೊಂದದ್ದನ್ನು ಸಣ್ಣ ಅರದಿಂದ ಉಜ್ಜಿ ಹೊಂದಿಸುತ್ತ ಭಾವನೂ ದೊಡ್ಡಪ್ಪನ ಮಾತನ್ನೇ ಆಡಿದ. ಚಿಕ್ಕವಳಿದ್ದಾಗ ಟ್ರಂಕಿನ ಕೀಲಿಯನ್ನು ಒಳಗೇ ಮುರಿದವಳಲ್ಲವೇ ನೀನು, ಕೈ ಒರಟೇ ಎಂದ. ಆಗಲೇ ಒಂದು ಸ್ಪ್ರಿಂಗು ಚಿಮ್ಮಿ ಹಾರಿತು. ಹಳೆಯ ಲಾಕಿನವು ಸೋತುಹೋಗಿದ್ದವು, ಅದಕ್ಕೆ ಬದಲಿ ಇರಲಿಲ್ಲ. ಮೂವರೂ ಓಣಿಯ ಕಲ್ಲಿನ ಮೇಲೆ ಮೊಣಕಾಲೂರಿ, ಅಂಗೈಯಿಂದ ನೆಲ ಸವರುತ್ತ ಹುಡುಕಿದರು. ಕೊನೆಗೆ ಅದು ಸಿಕ್ಕಿದ್ದು ಅಕ್ಕನ ಸೊಪ್ಪಿನ ಕಂತೆಯಲ್ಲಿ.

"ಗಿರಾಕಿಗೆ ಕೊಟ್ಟಿದ್ರೆ ತೂಕದಲ್ಲಿ ಹೋಗ್ತಿತ್ತು ನೋಡು," ಎಂದಳು ಅಕ್ಕ.

ಹುಡುಕಿ ಎದ್ದ ತಂಗಿ ಹಳೆಯ ಲಾಕಿನ ಮೂತಿಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. ಕೀಲಿ ಹೋಗುವ ಸೀಳು ನೆಟ್ಟಗಿರಲಿಲ್ಲ. ಕೆಳಗಡೆ ಮಾತ್ರ ಸವೆದು ಅಗಲವಾಗಿತ್ತು, ತುಟಿ ಜೋತುಬಿದ್ದ ಹಾಗೆ. ಅವಳು ಅದನ್ನು ಭಾವನ ಮುಂದೆ ಹಿಡಿದಳು. ಕೈ ಒರಟಾಗಿದ್ದರೆ ತಿರುಗಿಸುವ ಎರಡೂ ಮಗ್ಗುಲು ಸವೆಯಬೇಕಿತ್ತು, ಇದು ಕೆಳಗಡೆ ಮಾತ್ರ ಯಾಕೆ ಸವೆದಿದೆ ಎಂದು ಕೇಳಿದಳು. ಭಾವ ನೋಡಿದ. ಅರವನ್ನು ಕೆಳಗಿಟ್ಟ. ಕೀಲಿಗೆ ಏನು ನೇತುಹಾಕುತ್ತೀರಿ ಎಂದು ಕೇಳಿದ. ಅವಳು ಸೀಟಿನ ಮೇಲಿದ್ದ ಕೊರಡನ್ನು ತಂದಳು.

ಅಕ್ಕ ಅದನ್ನು ಅಂಗೈಯಲ್ಲಿ ಕುಲುಕಿ, ತಕ್ಕಡಿಯೇ ಬೇಡ, ಕಾಲು ಕೇಜಿಗೆ ಮೇಲೇ ಇದೆ ಎಂದಳು. ಭಾವ ನಾದಿನಿಗೆ ಅದನ್ನು ಕೈ ಚಾಚಿ ಹಿಡಿದುಕೊಳ್ಳಲು ಹೇಳಿದ. ತಾನು ಟೀ ಕುಡಿದು ಮುಗಿಸುವ ತನಕ ಕೈ ಇಳಿಸಬಾರದು. ಅವಳು ನಗುತ್ತಲೇ ಹಿಡಿದಳು. ಲೋಟ ಅರ್ಧವಾಗುವಷ್ಟರಲ್ಲಿ ನಗು ನಿಂತಿತು. ತೋಳು ಸಣ್ಣಗೆ ಅದುರಿತು, ಮೊಣಕೈ ಮಡಚಿತು, ಕೈ ತಾನಾಗಿ ಇಳಿಯಿತು.

"ಬಕೆಟ್ಟು ಹೊತ್ತ ಕೈಗೇ ಹೀಗಾದ್ರೆ," ಎಂದ ಭಾವ, "ಉಗುರಿನಷ್ಟು ಹಿತ್ತಾಳೆಗೆ ಹೇಗಾಗಿರಬೇಡ?" ಕೊರಡನ್ನು ಪಕ್ಕಕ್ಕಿಟ್ಟು, "ನಿನ್ನ ಕೈ ಒರಟಲ್ಲ ಕಣಮ್ಮ," ಎಂದು ಸೇರಿಸಿದ. ಮತ್ತೆ ತಲೆ ತಗ್ಗಿಸಿ ಅರ ಎತ್ತಿಕೊಂಡ.

ಬಿಸಿಲು ಇಳಿಯುವ ಮೊದಲು ಸುಟ್ಟ ಕಾರಿನ ತಿರುಳು ಹಳೆಯದರ ಜಾಗದಲ್ಲಿ ಕೂತಿತು. ಅವಳು ಎರಡೇ ಬೆರಳಿನಿಂದ ಕೀಲಿ ತಿರುಗಿಸಿದಳು, ಎಂಜಿನ್ ಎದ್ದಿತು. ಎಂಜಿನ್ ಓಡುತ್ತಿರುವಾಗಲೇ ಭಾವ ಕೀಲಿಯನ್ನು ಎಳೆದು ನೋಡಿದ, ಬರಲಿಲ್ಲ. ಕೂಲಿಯ ಮಾತೆತ್ತಿದರೆ ಅಕ್ಕನನ್ನು ಒಂದು ಸುತ್ತು ಕೂರಿಸಿಕೊಂಡು ಬಾ ಎಂದ. ಮನೆಯಲ್ಲಿ ಅಷ್ಟು ಹೊತ್ತು ನಿಶ್ಶಬ್ದವಾಗಿರುತ್ತದೆ, ಅದೇ ಕೂಲಿ. ಆದರೆ ಮತ್ತೆ ಆ ಕಬ್ಬಿಣ ನೇತುಹಾಕಿದರೆ ಈ ಎಲೆಗಳೂ ಬಾಳುವುದಿಲ್ಲ, ಆಗ ಬಂದರೆ ಬಾಗಿಲು ತೆಗೆಯುವುದಿಲ್ಲ ಎಂದ.

"ಬಾಗಿಲು ತೆಗೆಯೋಳು ನಾನು," ಎಂದಳು ಅಕ್ಕ. ಆದರೆ ಓಣಿಯ ತುದಿಯವರೆಗೆ ಕಾರಿನಲ್ಲಿ ಕೂತು ಬಂದವಳು ಇಳಿಯುವಾಗ ತಂಗಿಯ ಭುಜ ಹಿಡಿದಳು. "ನಾಳೆ ಅವರೆದುರು ಏನೂ ಮಾತಾಡ್ಬೇಡ. ಕಟ್ಟು ಅಂದ್ರೆ ಕಟ್ಟು. ಗೇಟು ದಾಟಿದ ಮೇಲೆ ಬಿಚ್ಚಿಡು, ವಾಪಸ್ ಬರೋವಾಗ ಹಾಕ್ಕೊ. ಹಾವೂ ಸಾಯಬಾರದು, ಕೋಲೂ ಮುರೀಬಾರದು."

ತಂಗಿ ಗೇರು ಹಾಕಿ ಹೊರಟಳು.

ಸೋಮವಾರ ಷೆಡ್ಡಿನಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ಡ್ರೈವರುಗಳು ಕೀಲಿ ಹಲಗೆಯ ಮುಂದೆ ಒಬ್ಬೊಬ್ಬರಾಗಿ ಬಂದು ಕೊರಡುಗಳನ್ನು ಇಳಿಸಿಕೊಳ್ಳುತ್ತಿದ್ದರು. ಕಬ್ಬಿಣಕ್ಕೆ ಕಬ್ಬಿಣ ತಾಗಿ ದನದ ಹಟ್ಟಿಯಂಥ ಸದ್ದು. ಅವಳು ಹತ್ತೊಂಬತ್ತರ ಕೊರಡನ್ನು ದೊಡ್ಡಪ್ಪನ ಮೇಜಿನ ಮೇಲಿಟ್ಟು, ಬರಿಯ ಕೀಲಿ ಹಿಡಿದು ಕಾರಿನಲ್ಲಿ ಕೂತಳು. ಎರಡು ಬೆರಳಿಗೆ ಎಂಜಿನ್ ಎದ್ದಿತು.

ದೊಡ್ಡಪ್ಪನಿಗೆ ಸಂತೋಷವಾಯಿತು. ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟು, ಕೆಡಿಸಿದವರೇ ಸರಿ ಮಾಡುವುದೆಂದರೆ ಇದು, ಎಲ್ಲರೂ ನೋಡಿ ಕಲಿಯಿರಿ ಎಂದ. ಹೋಗಿ ಮೇಜಿನ ಮೇಲಿನ ಕೊರಡನ್ನು ತಂದ. ಮರೆತಿದ್ದೀಯ ಎಂದ.

ಮರೆತಿಲ್ಲ ಎಂದಳು. ಲಾಕು ಕೆಟ್ಟದ್ದು ಇದರಿಂದಲೇ ಎಂದು ಹೇಳಿದಳು. ಸೀಳು ಕೆಳಗಡೆ ಸವೆದದ್ದನ್ನು ಹೇಳಿದಳು, ಬಿಚ್ಚಿ ತೆಗೆದ ಹಳೆಯ ತಿರುಳನ್ನೇ ಕಿಟಕಿಯ ಅಂಚಿನ ಮೇಲಿಟ್ಟು ತೋರಿಸಿದಳು. ದೊಡ್ಡಪ್ಪ ಅದನ್ನು ನೋಡಲಿಲ್ಲ. ಷೆಡ್ಡಿನ ಎಲ್ಲ ಕಾರಿಗೂ ಇದೆ, ಯಾರ ಕೀಲಿಯೂ ಬಿದ್ದಿಲ್ಲವಲ್ಲ ಎಂದ.

ಪಕ್ಕದ ಕಾರಿಗೆ ಒರಗಿ ನಿಂತಿದ್ದವನು ಷೆಡ್ಡಿಗೆಲ್ಲ ಹಿರಿಯ ಡ್ರೈವರ್, ಮೀಸೆ ಮಾವ. ಅವಳು ಅವನ ಕಡೆ ತಿರುಗಿದಳು. "ಮಾವ, ಹೋದ ವರ್ಷ ನಿಮ್ಮ ಕೀಲಿ ಯಾಕೆ ಬಿತ್ತು?"

ಮೀಸೆ ಮಾವ ದೊಡ್ಡಪ್ಪನನ್ನು ನೋಡಿದ, ತನ್ನ ಚಪ್ಪಲಿಯನ್ನು ನೋಡಿಕೊಂಡ. ಅವನಿಗೂ ಸಂಬಳ ಹಿಡಿದಿದ್ದರು.

"ನನ್ನ ಕೈ ಒರಟಂತೆ," ಎಂದ.

ಯಾರೋ ಕಿಸಕ್ಕೆಂದರು. ಹಲಗೆಯ ಮುಂದಿನ ಸದ್ದು ನಿಂತಿತು. ದೊಡ್ಡಪ್ಪನ ದನಿ ಆಗಲೂ ಏರಲಿಲ್ಲ. ಕೊರಡಿಲ್ಲದ ಕೀಲಿ ಈ ಗೇಟು ದಾಟುವುದಿಲ್ಲ, ತೊಟ್ಟಿಯ ಹತ್ತಿರ ಬಕೆಟ್ಟು ಇದ್ದಲ್ಲೇ ಇದೆ, ಯಾವುದು ಬೇಕೋ ನೀನೇ ಹೇಳು ಮಗಳೇ ಎಂದ. ತೋಳನ್ನು ಕಿಟಕಿಯೊಳಗೆ ಚಾಚಿ ಕೊರಡನ್ನು ಅವಳ ಮುಖದ ಮುಂದೆ ಹಿಡಿದ.

"ತಗೊ. ಕಟ್ಟು."

ಗೇಟು ಎದುರಿಗೇ ತೆರೆದಿತ್ತು. ಗೇಟು ದಾಟಿ ಬಿಚ್ಚಿಡಲು ಎರಡು ಕ್ಷಣ ಸಾಕಿತ್ತು. ಅವಳು ಎರಡೂ ಕೈಗಳನ್ನು ಸ್ಟೀರಿಂಗಿನ ಮೇಲಿಟ್ಟಳು.

"ಕಟ್ಟಲ್ಲ ದೊಡ್ಡಪ್ಪ."

ಅವನು ಕೈ ಹಿಂದೆಗೆಯಲಿಲ್ಲ. ಡ್ರೈವರುಗಳೆಲ್ಲ ನೋಡುತ್ತಿದ್ದರು, ಹಿಂದೆಗೆಯುವಂತಿರಲಿಲ್ಲ. ಎಂಜಿನ್ ಒಂದೇ ಸಮನೆ ಓಡುತ್ತಿತ್ತು. ಲಾಕಿನಲ್ಲಿ ಬರಿಯ ಕೀಲಿ ಅಲ್ಲಾಡದೆ ನಿಂತಿತ್ತು. ಅವಳು ಎದುರಿಗೆ ನೋಡುತ್ತ ಕೂತೇ ಇದ್ದಳು. ಕಿಟಕಿಯೊಳಗೆ ಚಾಚಿದ ತೋಳು ಸಣ್ಣಗೆ ಅದುರತೊಡಗಿತು, ಮೊಣಕೈ ಮಡಚಿತು, ಕೊರಡು ಸ್ವಲ್ಪ ಸ್ವಲ್ಪವೇ ಕೆಳಗಿಳಿಯುತ್ತಿತ್ತು.