ತಂಗಿಯನ್ನು ನೋಡಲು ಹೋದದ್ದು

ಅಂಚು ಒರಟಾಗಿದೆ, ಆದರೂ ರೇಷ್ಮೆಯೇ, ಹೆಬ್ಬೆರಳಿಗೆ ಗೊತ್ತಾಗುತ್ತದೆ — ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಮೇಲೆ ತಂಗಿ ಸಿದ್ದಕ್ಕ ಇಟ್ಟ ಕುಬಸದ ಖಣ, ಖಾನಾಪುರದಲ್ಲಿ ಬಸ್ಸು ಹತ್ತಿದಾಗಿನಿಂದ ನಿಂಗವ್ವನ ಬೆರಳು ಅದನ್ನೇ ಸವರುತ್ತಿದೆ, ಛೀ, ಇನ್ನೂ ಬುದ್ಧಿ ಬರಲಿಲ್ಲವೇ ನಿನಗೆ, ಹದಿನೈದು ವರ್ಷ ಇದನ್ನೇ ಮಾಡಿದೆ, ಅವಳು ಒಂದು ಖಣ ಕೊಟ್ಟರೆ ಮುಂದಿನ ಪಂಚಮಿಗೆ ಅದನ್ನು ಮೀರಿಸುವಂಥದ್ದಕ್ಕಾಗಿ ಬೆಳಗಾವಿಯ ಪೇಟೆಯೆಲ್ಲ ಅಲೆದೆ, ಎಂಬತ್ತೊಂದನೇ ಇಸವಿಯಲ್ಲಿ ಅವಳ ಮನೆಗೆ ಫ್ರಿಜ್ಜು ಬಂದ ದಿನ ಉಣ್ಣಲಿಲ್ಲ, ಅವಳ ಮಗಳು ಫಸ್ಟ್ ಕ್ಲಾಸಿನಲ್ಲಿ ಪಾಸಾದಳೆಂದು ನಿನ್ನ ಮಗಳನ್ನು ಬಡಿದೆ, ತಂಗಿ ಕಟ್ಟಿಗೆ ಅಡ್ಡೆಯ ಸಾಹುಕಾರರ ಮನೆ ಸೇರಿದವಳು, ನೀನು ಮಾಸ್ತರರ ಹೆಂಡತಿ, ನಿದ್ದೆ ಕೆಟ್ಟು ಕೆಟ್ಟು ಕೊನೆಗೆ ಗಂಡ ತಮ್ಮಣ್ಣನೇ ಮನಸ್ಸಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಬೇಕಾಯಿತು. ಡಾಕ್ಟರಮ್ಮ ಗುಳಿಗೆ ಕೊಡಲಿಲ್ಲ, ಎಂಟು ವಾರ ಮಾತಾಡಿಸಿದರು, ಸಣ್ಣವರಿದ್ದಾಗ ಆಕಿ ನಿಮಗ ಏನಾಗಿದ್ಲರಿ — ಏನಾಗಿದ್ದಳು, ಪಾರಿಶ್ವಾಡದ ತವರಿನಲ್ಲಿ ಒಂದೇ ಕೌದಿಯೊಳಗೆ ಅಕ್ಕನ ಹೊಟ್ಟೆಗೆ ತಣ್ಣನೆಯ ಪಾದ ಒತ್ತಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದ ಸಿದ್ದಿ, ಹೇಳುತ್ತಲೇ ನಿಂಗವ್ವ ಅತ್ತಿದ್ದಳು, ಹೋಗ್ರಿ ಎಂದರು ಡಾಕ್ಟರಮ್ಮ, ಆಕಿ ಮನಿ ನೋಡಬ್ಯಾಡ್ರಿ, ಆಕೀನ ನೋಡ್ರಿ, ನಿಮ್ಮ ಹೊಟ್ಟ್ಯಾಗಿಂದು ಹೇಳ್ರಿ, ಆಮ್ಯಾಲ ಆಕೀದು ಕೇಳ್ರಿ.

ಹೇಳಿದಳಲ್ಲ, ಇವತ್ತು ಹೇಳಿಯೇ ಬಿಟ್ಟಳಲ್ಲ, ಅಡುಗೆಮನೆಯ ಬಾಗಿಲಿಗೆ ಒರಗಿ, ಸಿದ್ದಿ, ನಿನ್ನ ನೋಡಿದ್ರ ನನಗ ಹೊಟ್ಟಿ ಉರೀತೈತಿ, ಭಾಳ ವರ್ಷ ಆತು — ತಂಗಿ ಸಿಟ್ಟಾಗಲಿಲ್ಲ, ಒಲೆ ಆರಿಸಿ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಬಂದು ಕುಳಿತಳು, ನಿಂದೇನೈತಿ ಹೇಳವಾ ಎಂದಳು ನಿಂಗವ್ವ, ಮನಸಾರೆ ಕೇಳಿದಳು, ಅದು ಸುಳ್ಳಲ್ಲ, ಸಿದ್ದಕ್ಕ ಪಡಸಾಲೆಯ ಕಡೆ ಒಮ್ಮೆ ನೋಡಿ ಕೈಯ ಬಂಗಾರದ ಪಾಟ್ಲಿ ಬಳೆಗಳನ್ನು ಮೊಣಕೈಗೆ ಸರಿಸಿದಳು, ಕೆಳಗೆ ಸುಟ್ಟ ಗಾಯ, ಇನ್ನೂ ಹಸಿ, ಎಣ್ಣಿ ಸಿಡೀತು ಅಂತ ಎಲ್ಲಾರಿಗೂ ಹೇಳೀನಿ ಅಕ್ಕಾ, ನಮ್ಮ ಮನಿಯವರೇ ಸುಟ್ಟಿದ್ದು — ಆಗ ನಿಂಗವ್ವನ ಬಾಯಿ, ಅವಳದೇ ಬಾಯಿ, ಪಾಟ್ಲಿ ಹೊಸಾವೇನ ಸಿದ್ದಿ?

ತಪ್ಪಾತು ಅಂದಳೋ, ಅನ್ನಬೇಕೆಂದುಕೊಂಡಳೋ, ಚಹಾ ಮಾಡ್ತೀನಿ ತಡಿ ಎಂದು ತಂಗಿ ಎದ್ದಿದ್ದಳು, ರೀತಿ ಬಿಡದೆ ಉಡಿ ತುಂಬಿದಳು, ಬಸ್ಸಿನವರೆಗೆ ಬರಲಿಲ್ಲ, ಪೀರನವಾಡಿ ಬಂತು, ಇಳಿದು ತಿರುಗಿ ಹೋಗಲೇ, ನಿಲ್ಲಸ್ರಿ ಕಂಡಕ್ಟರ್ ಅನ್ನಲೆಂದು ಅರ್ಧ ಎದ್ದವಳು ಮತ್ತೆ ಕುಳಿತಳು, ನಾಳೆ ಡಾಕ್ಟರಮ್ಮನಿಗೆ ಏನು ಹೇಳುವುದು, ಹೋಗಿದ್ದೆ, ನೋಡಿದೆ, ಏನು ನೋಡಿದೆ — ಸಿದ್ದಿ ಪಾಟ್ಲಿ ಕೆಳಗೆಳೆದುಕೊಂಡದ್ದು, ಗಾಯಕ್ಕೆ ತಿಕ್ಕಿದರೂ ಮುಖ ಕಿವುಚದೆ ಎಳೆದುಕೊಂಡದ್ದು, ಬಸ್ಸು ಹೊರಟಿತು, ಬೆಳಗಾವಿ ಇನ್ನು ಹತ್ತೇ ನಿಮಿಷ, ಸಂಜೆಗೆ ಅಕ್ಕಿ ಆರಿಸಬೇಕು — ಪಾಟ್ಲಿ, ಹಸಿ ಗಾಯದ ಮೇಲೆ, ಕೆಳಗೆ, ಮೆಲ್ಲಗೆ, ಮತ್ತೆ ಪಾಟ್ಲಿ, ಹಸಿ ಗಾಯದ ಮೇಲೆ