'ಗಳಲ್ಲಿ' ಎಂಬ ಮೂರಕ್ಷರ

ಪತ್ರಿಕಾ ಕಚೇರಿಯಲ್ಲಿ ಎಲ್ಲರೂ ಅವಳನ್ನು ಭೂತಗನ್ನಡಿ ಅಂತಲೇ ಕರೆಯುತ್ತಿದ್ದರು. ಮದುವೆ ಕಾಗದ ಕೊಟ್ಟರೂ ಮೊದಲು ಅದರಲ್ಲಿ ಅಕ್ಷರದೋಷ ಹುಡುಕುವ ವರದಿಗಾರ್ತಿ ಅವಳು. ಊರ ನಡುವಿನ ಹೊಳೆಯ ಸೇತುವೆ ದುರಸ್ತಿಗೆಂದು ಮುಚ್ಚಿ ಏಳು ತಿಂಗಳಾಗಿತ್ತು. ಯಾವಾಗ ತೆರೆಯುತ್ತದೋ ಎಂದು ದಿನಕ್ಕೆ ಹತ್ತು ಸಲ ನಗರಸಭೆಯ ವೆಬ್‌ಸೈಟ್ ನೋಡಿ, ಅದೇ ಎರಡು ಸಾಲು ಓದಿ, ಮುಖ ಸಿಂಡರಿಸುತ್ತಿದ್ದಳು.

ಅಕ್ಕನ ಗಂಡ ಕಂಪ್ಯೂಟರ್ ರಿಪೇರಿಯವನು. ಅವಳ ಪಾಡು ನೋಡಲಾರದೆ ಹೇಳಿದ: "ಅಲ್ಲಮ್ಮ, ಕಾವಲಿಗೆ ನೀನೇ ಕೂರಬೇಕಾ? ಅದಕ್ಕೂ ಸಾಫ್ಟ್‌ವೇರ್ ಇದೆ. ಪುಟದ ಪ್ರತಿ ಇಟ್ಕೊಂಡು ಹತ್ತು ನಿಮಿಷಕ್ಕೊಮ್ಮೆ ಹೋಗಿ ಹೋಲಿಸುತ್ತೆ. ಬದಲಾದ ಜಾಗಕ್ಕೆ ಬಣ್ಣ ಹಚ್ಚಿ ನಿನಗೆ ಮೇಲ್ ಕಳಿಸುತ್ತೆ."

ಮರುದಿನ ಬೆಳಿಗ್ಗೆ ಅವನೇ ಬಂದು ಅದನ್ನು ಹಾಕಿಕೊಟ್ಟ. ಸಂಜೆಯೊಳಗೆ ನಲವತ್ತೆಂಟು ಮೇಲ್ ಬಂದವು. ಪ್ರತಿ ಸಲವೂ ಕೈಲಿದ್ದ ಕೆಲಸ ಬಿಟ್ಟು ಓಡಿ ಬರುತ್ತಿದ್ದಳು. ತೆರೆದರೆ, ಪುಟದ ಕೆಳಗಿನ 'ಈವರೆಗೆ ನೋಡಿದವರು' ಎಂಬ ಸಂಖ್ಯೆ ಒಂದು ಹೆಚ್ಚಾಗಿರುತ್ತಿತ್ತು, ಅಷ್ಟೇ.

"ಭಾವ, ಇದನ್ನ ಇಷ್ಟೊಂದು ಸಲ ಯಾರು ನೋಡ್ತಾರೆ?"

ಭಾವ ನಾಲಿಗೆ ಕಚ್ಚಿಕೊಂಡ. "ಇದೇ ನೋಡ್ತಿದೆ! ತಾನೇ ಹೋಗಿ ಲೆಕ್ಕ ಏರಿಸಿ, ತಾನೇ ಬಂದು ನಿನ್ನ ಹತ್ರ ಚಾಡಿ ಹೇಳ್ತಿದೆ." ಸೇತುವೆಯ ಎರಡು ಸಾಲಿನ ಸುತ್ತ ಮಾತ್ರ ಚೌಕ ಎಳೆದು, ಅಷ್ಟನ್ನೇ ಕಾಯಲು ಹೇಳಿ ಹೋದ.

ಆಮೇಲೆ ಸಾಫ್ಟ್‌ವೇರ್ ಎಂಟು ದಿನ ತುಟಿ ಪಿಟಕ್ಕೆನ್ನಲಿಲ್ಲ. ಒಂಬತ್ತನೇ ದಿನ ಹನ್ನೊಂದು ಗಂಟೆಗೆ ಮೇಲ್ ಬಂತು. 'ಸೇತುವೆ ಮುಂದಿನ ತಿಂಗಳು ತೆರೆಯಲಿದೆ' ಎಂದಿದ್ದದ್ದು 'ಮುಂದಿನ ತಿಂಗಳುಗಳಲ್ಲಿ ತೆರೆಯಲಿದೆ' ಎಂದಾಗಿತ್ತು. ಮೂರೇ ಅಕ್ಷರಕ್ಕೆ ಹಳದಿ ಬಣ್ಣ. ತಕ್ಷಣ ನಗರಸಭೆಯ ಗುಮಾಸ್ತನಿಗೆ ಫೋನ್ ಮಾಡಿದಳು.

"ತಿಂಗಳಿಗೆ 'ಗಳಲ್ಲಿ' ಯಾಕೆ ಸೇರಿಸಿದ್ರಿ?"

ಆ ಕಡೆ ಗುಮಾಸ್ತ ಬೆಚ್ಚಿಬಿದ್ದ. "ಮೇಡಂ, ಮೌಸ್ ಇನ್ನೂ ನನ್ನ ಕೈಲೇ ಇದೆ! ಯಾರು ಹೇಳಿದ್ರು ನಿಮಗೆ?" ಆಮೇಲೆ ಎಚ್ಚೆತ್ತವನಂತೆ, "ಅದು ಮೊದಲಿಂದ್ಲೂ ಹಾಗೇ ಇತ್ತು" ಎಂದ.

"ಬೆಳಗಿನ ಪ್ರತಿ ನನ್ನ ಹತ್ರ ಇದೆ ಸ್ವಾಮಿ, ಗಂಟೆ ನಿಮಿಷದ ಸಮೇತ."

ಅವನು ಹೆದರಿ ಮೂರಕ್ಷರ ಅಳಿಸಿದ. ಹತ್ತು ನಿಮಿಷಕ್ಕೆ ಮತ್ತೆ ಫೋನ್: "ಈಗ ತೆಗೆದ್ರಲ್ಲ, ಯಾಕೆ?"

ಗುಮಾಸ್ತ ಮೇಜಿನ ಕೆಳಗೆ ಬಗ್ಗಿ ನೋಡಿದ. ಪಕ್ಕದ ಟೈಪಿಸ್ಟಮ್ಮನನ್ನು ದುರುಗುಟ್ಟಿ ನೋಡಿದ. ಕೊನೆಗೆ ಫೋನನ್ನೇ ಎತ್ತಿಕೊಂಡು ಹೋಗಿ ಎಂಜಿನಿಯರ್ ಕೈಗೆ ತುರುಕಿದ. ಎಂಜಿನಿಯರ್ ನಿಟ್ಟುಸಿರು ಬಿಟ್ಟು ನಿಜ ಒಪ್ಪಿಕೊಂಡರು: ತರಿಸಿದ ಉಕ್ಕಿನ ತೊಲೆಗಳು ಒಂದು ಗೇಣು ಗಿಡ್ಡ, ಹೊಸವು ಬರಲು ಇನ್ನೂ ನಾಲ್ಕು ತಿಂಗಳು.

ಮರುದಿನ ಹಳೆ ಸಾಲು, ಹೊಸ ಸಾಲು ಅಕ್ಕಪಕ್ಕ ಮುಖಪುಟದಲ್ಲೇ ಅಚ್ಚಾದವು. ಊರು ಬೈದು ಬೈದು ನಕ್ಕಿತು. ನಗರಸಭೆ ತಾತ್ಕಾಲಿಕವಾಗಿ ಎರಡು ದೋಣಿ ಬಿಟ್ಟಿತು.

ಈಗ ಗುಮಾಸ್ತ ಪುಟ ಮುಟ್ಟುವ ಮುಂಚೆ ತಾನೇ ಫೋನ್ ಮಾಡುತ್ತಾನೆ. "ಮೇಡಂ, 'ದೋಣಿ'ಗೆ ದೊಡ್ಡ ಣ ತಾನೇ? ಹಾಕ್ಬಿಡ್ತೀನಿ. ಗಾಬರಿ ಆಗ್ಬೇಡಿ."