ಕಿತ್ತಿಟ್ಟ ವೈರು

ನಾನು ಒಂದು ಫ್ಯಾನು. ಸೂರಿನಿಂದ ನೇತಾಡುವ ದೊಡ್ಡ ಮನುಷ್ಯ ಅಲ್ಲ, ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ಪ್ರೊಸೆಸರಿಗೆ ಗಾಳಿ ಹಾಕುವ ಅಂಗೈಯಗಲದ ಜೀವ. ಯಾವ ದೇಶದಲ್ಲಿ ಹುಟ್ಟಿದೆನೋ ನನಗೇ ಗೊತ್ತಿಲ್ಲ. ಡಬ್ಬಿ ಮೇಲೆ ಬರೆದಿತ್ತಂತೆ, ಡಬ್ಬಿ ಬಿಸಾಕಿದರು. ನಾನು ನಿಂತರೆ ಪ್ರೊಸೆಸರು ಕಾದು ಕೆಂಡವಾಗುತ್ತದೆ, ಸುಟ್ಟುಹೋಗಬಾರದೆಂದು ಕಂಪ್ಯೂಟರು ತಾನಾಗಿಯೇ ಆಫ್ ಆಗುತ್ತದೆ. ನನಗೆ ಗೊತ್ತಿರುವ ವಿದ್ಯೆ ಇಷ್ಟೇ.

ಚಿತ್ರದುರ್ಗದ ವಿಜ್ಞಾನದ ಮೇಷ್ಟ್ರು ರುದ್ರಮುನಿ ನಮ್ಮನ್ನು ಮನೆಗೆ ತಂದರು. ತಂದವರು ಅವರು, ದುಡಿಸಿದವರು ಅವರ ಹೆಂಡತಿ ಸುಮಂಗಲಾ. ಕನ್ನಡ ಟೈಪಿಂಗ್ ಕಲಿತು ಮದುವೆ ಕಾಗದ, ಪ್ರಶ್ನೆಪತ್ರಿಕೆ ಎಲ್ಲ ಮಾಡಿಕೊಡುತ್ತಿದ್ದರು. ಒಂದು ದಿನ ಪ್ರಕಾಶಕರೊಬ್ಬರು ಇಡೀ ಪುಸ್ತಕದ ಕೆಲಸವನ್ನೇ ಕೊಟ್ಟರು. ಒಳಪುಟದಲ್ಲಿ 'ಅಕ್ಷರ ಜೋಡಣೆ: ಸುಮಂಗಲಾ' ಅಂತ ಅಚ್ಚಾಗುತ್ತದಂತೆ! ಅಬ್ಬಾ, ಆ ಹೆಂಗಸಿನ ಸಂಭ್ರಮ ನೋಡಬೇಕಿತ್ತು. ಆ ಸಾಲನ್ನು ಮೂರು ಬಗೆಯ ಅಕ್ಷರದಲ್ಲಿ ಟೈಪು ಮಾಡಿ ನೋಡಿ, ನಾಚಿಕೊಂಡು ಅಳಿಸಿದರು. ನೂರ ನಲವತ್ತು ಪುಟ ಮುಗಿದಿತ್ತು, ಅರವತ್ತು ಬಾಕಿ.

ಕಂಪ್ಯೂಟರು ನಿಧಾನ ಅಂತ ಮೇಷ್ಟ್ರು ಹೊಸ ರ್‍ಯಾಮ್ ಕಾರ್ಡು ತಂದರು. ರಿಪೇರಿಯವನು ಯಾಕೆ, ನಾನಿಲ್ವಾ ಅಂತ ತಾವೇ ಮುಚ್ಚಳ ಬಿಚ್ಚಿದರು. ನನ್ನ ವೈರು ಅಡ್ಡ ಬಂತೆಂದು ಕಿತ್ತು ಪಕ್ಕಕ್ಕಿಟ್ಟರು. ಕಾರ್ಡು ಕೂರಿಸಿ ಮುಚ್ಚಳ ಹಾಕಿದರು. ನನ್ನ ವೈರು ಪಕ್ಕದಲ್ಲೇ ಉಳಿಯಿತು.

ಮಾರನೆಯ ದಿನ ಹತ್ತು ನಿಮಿಷಕ್ಕೇ ಕಂಪ್ಯೂಟರು ಆಫ್. ಮತ್ತೆ ಹಾಕಿದರೆ ಐದೇ ನಿಮಿಷ. ಮೇಷ್ಟ್ರು ಪ್ಲಗ್ಗು ಬದಲಿಸಿದರು, ಯುಪಿಎಸ್ ಬದಲಿಸಿದರು, ವೈರಸ್ ಅಂದರು, ಕರೆಂಟು ಸರಿಯಿಲ್ಲ ಅಂದರು. ಮುಚ್ಚಳ ಮಾತ್ರ ಬಿಚ್ಚಲಿಲ್ಲ.

"ರೀ, ಒಳಗಿನ ಗುಂಯ್ ಅನ್ನೋ ಸದ್ದೇ ಬರ್ತಿಲ್ಲ. ಕಾರ್ಡು ಹಾಕಿದ ಮೇಲೇ ಹಿಂಗಾಗಿದ್ದು. ಒಂದ್ಸಲ ಬಿಚ್ಚಿ ನೋಡ್ರೀ," ಅಂದರು ಸುಮಂಗಲಾ.

ಸರಿಯಾಗಿ ಹೇಳಿದೆ ತಾಯೀ! ಕುಣಿಯುವ ಹಾಗಾಯಿತು ನನಗೆ, ಆದರೆ ಕುಣಿಯಲು ಕರೆಂಟಿಲ್ಲ.

"ಸದ್ದಿಲ್ಲ ಅಂದ್ರೆ ಚೆನ್ನಾಗಿದೆ ಅಂತ ಅರ್ಥ. ಇಪ್ಪತ್ತು ವರ್ಷದಿಂದ ವಿದ್ಯುತ್ ಪಾಠ ಮಾಡ್ತಿದೀನಿ, ನನಗೇ ಹೇಳ್ಕೊಡ್ತೀಯಾ? ನೀನು ಸರಿಯಾಗಿ ಆಫ್ ಮಾಡಲ್ಲ, ಅದಕ್ಕೇ ಕೆಟ್ಟಿದೆ."

ಆಕೆ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರೆ ಕಿತ್ತುಕೊಂಡರು. ಎಂಟು ದಿನ ಕಾದ ಪ್ರಕಾಶಕರು ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಮೇಷ್ಟ್ರು, "ಬೋರ್ಡು ಸುಟ್ಟಿದೆ, ಇನ್ನು ಈ ಟೈಪಿಂಗ್ ಗೀಪಿಂಗ್ ಸಾಕು," ಅಂದು ನಮ್ಮನ್ನು ಇಮ್ತಿಯಾಜನ ರಿಪೇರಿ ಅಂಗಡಿಯಲ್ಲಿ ಇಳಿಸಿ ಹೋದರು.

ಇಮ್ತಿಯಾಜ್ ಮುಚ್ಚಳ ತೆಗೆದವನೇ ನಕ್ಕ. ನನ್ನ ವೈರು ಚುಚ್ಚಿದ. ನಾನು ಗುಂಯ್ ಅಂದೆ. ತಕ್ಷಣ ಫೋನು ಮಾಡಿದ: "ಮೇಷ್ಟ್ರೇ, ಏನೂ ಆಗಿಲ್ಲ. ಫ್ಯಾನಿನ ವೈರು ಹಾಕೋದು ಮರೆತಿದೀರ, ಅಷ್ಟೇ. ಬಂದು ತಗೊಂಡು ಹೋಗಿ."

ಆ ಕಡೆಯಿಂದ ಮೇಷ್ಟ್ರು ದನಿ ತಗ್ಗಿಸಿದರು: "ನೀನೇ ಇಟ್ಕೋ ಮಾರಾಯ. ಸುಟ್ಟೋಗಿದೆ ಅಂತ ಮನೇಲಿ ಹೇಳ್ಬಿಟ್ಟಿದೀನಿ. ಅವಳು ಕೇಳಿದ್ರೆ ನೀನೂ ಹಂಗೇ ಹೇಳು."

ವಾರ ಕಳೆದು ಸುಮಂಗಲಾ ಅಂಗಡಿಗೇ ಬಂದರು. "ತಮ್ಮಾ, ಅದರಲ್ಲಿ ನಾನು ಟೈಪು ಮಾಡಿದ ಪುಟಗಳಿದ್ವು. ಅಷ್ಟಾದ್ರೂ ಸಿಗುತ್ತಾ?"

ಆ ಪುಟಗಳೆಲ್ಲ ಅವರ ಮೊಣಕಾಲಿನ ಹತ್ತಿರ, ನನ್ನ ಜೊತೆ ಅದೇ ಪೆಟ್ಟಿಗೆಯಲ್ಲಿದ್ದವು. ಇಮ್ತಿಯಾಜ್ ತಲೆ ಎತ್ತಲಿಲ್ಲ. "ಏನೂ ಉಳಿದಿಲ್ಲ ಅಕ್ಕಾ."

"ನಾನೇ ಸರಿಯಾಗಿ ಆಫ್ ಮಾಡ್ತಿರಲಿಲ್ಲ ಅನ್ಸುತ್ತೆ," ಅಂದರು ಅವರು.

"ಹೂಂ ಅಕ್ಕಾ," ಅಂದ ಅವನು.

ಈಗ ನನ್ನ ಬೇರಿಂಗ್ ಸವೆದಿದೆ. ಹಳೇ ಸ್ಕ್ರೂಗಳ ಜೊತೆ ಡ್ರಾಯರಿನಲ್ಲಿ ಬಿದ್ದಿದ್ದೇನೆ. ನನಗೆ ಬಾಯಿಲ್ಲವೆಂದು ಆಗ ಬಹಳ ಸಂಕಟಪಟ್ಟಿದ್ದೆ. ಈಗ ಪಡುವುದಿಲ್ಲ. ನಿಜ ಗೊತ್ತಿದ್ದ, ಬಾಯಿದ್ದ ಇಬ್ಬರು ಏನು ಹೇಳಿದರೆಂದು ಕೇಳಿಸಿಕೊಂಡೆನಲ್ಲ.